ಪೆಟ್ಟಿಗೆ ಏರದ ಮೆಟ್ಟಿಲು

ನಮ್ಮ ಚರ್ಚಿನ ಗೋಪುರ ಈಗ ಬೆಟಗೇರಿಗೆ ಬರುವ ಆಟೋದಲ್ಲಿ ಕೂತವರಿಗೆ ದೂರದಿಂದಲೇ ಕಾಣುತ್ತದೆ. ಕಾಣಲಿ ಎಂದೇ ಅಷ್ಟೆತ್ತರ ಕಟ್ಟಿದ್ದು. ಮುಂಡರಗಿ, ಶಿರಹಟ್ಟಿ ಕಡೆಯಿಂದ ಬರುವ ನೆಂಟರು ಮೊದಲು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ, ಆಮೇಲೆ ಫೋನ್ ಮಾಡಿ ನಮ್ಮ ಮನೆ ಎಲ್ಲಿ ಎಂದು ಕೇಳುತ್ತಾರೆ. ನಮ್ಮ ಮನೆ ಅದರ ಬೆನ್ನಿಗೇ ಇದೆ. ಗೋಪುರ ನೋಡುವ ಭರದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಚರ್ಚಿನ ಸ್ಮರಣ ಸಂಚಿಕೆ ತರುತ್ತೇವೆಂದು ಸೆಕ್ರೆಟರಿ ಒಮ್ಮೆ ನನ್ನ ಹತ್ತಿರ ಬಂದಿದ್ದರು. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಆದ್ದರಿಂದ ಚರ್ಚಿನ ಇತಿಹಾಸ ನಾನೇ ಬರೆಯಬೇಕಂತೆ. ಎರಡು ಪುಟ ಸಾಕು, ಕಹಿ ಏನೂ ಬೇಡ, ಓದಿದವರಿಗೆ ಸಂತೋಷ ಆಗಬೇಕು ಎಂದರು. ನೋಡೋಣ ಎಂದೆ, ಬರೆಯಲಿಲ್ಲ. ಬೇರೆ ಯಾರೋ ಬರೆದರು. ಅದರಲ್ಲಿ ‘ದೇವರ ಕೃಪೆಯಿಂದ ಒಂದು ಚಿಕ್ಕ ಕೋಣೆಯಲ್ಲಿ ಆರಂಭವಾಗಿ’ ಎಂಬ ಒಂದು ಸಾಲು ಇದೆ. ಯಾರ ಕೋಣೆ ಎಂದು ಇಲ್ಲ. ದೇವರು ಕೃಪೆಯ ಜೊತೆಗೆ ಕೋಣೆಯನ್ನೂ ಮೇಲಿಂದ ಇಳಿಸಿದ್ದನೇನೋ.

ಆ ಕೋಣೆ ನಮ್ಮ ಮನೆಯ ಪಡಸಾಲೆ. ಅಪ್ಪ ಕೈಮಗ್ಗದ ನೇಕಾರ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಅವ್ವ ಪಕ್ಕದಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಭಾನುವಾರ ಆರಾಧನೆಗೆ ಬರುವ ನಾಲ್ಕಾರು ಮನೆಯವರಿಗೆ ಕೂರಲು ಬೇರೆ ಜಾಗವಿರಲಿಲ್ಲ. ಅಪ್ಪ ಶನಿವಾರ ಸಂಜೆ ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿ ಅದರ ಮೇಲೆ ಜಮಖಾನ ಹಾಸುತ್ತಿದ್ದ. ಪಾಸ್ಟರ್ ಗದಗಿನಿಂದ ಸೈಕಲ್ ಮೇಲೆ ಬರುತ್ತಿದ್ದರು, ಆ ಹಲಗೆಗಳ ಮೇಲೇ ನಿಂತು ಪ್ರಸಂಗ ಮಾಡುತ್ತಿದ್ದರು. ಅವರಿಗೆ ಆವೇಶ ಬಂದಾಗ ಹಲಗೆ ಧಡಧಡ ಸದ್ದು ಮಾಡುತ್ತಿತ್ತು, ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಅಡುಗೆಮನೆಗೂ ಪಡಸಾಲೆಗೂ ನಡುವೆ ಇದ್ದದ್ದು ಒಂದು ಹಳೆಯ ಸೀರೆಯ ಪರದೆ. ಒಲೆಯ ಹೊಗೆಗೆ ಜನ ಕೆಮ್ಮುತ್ತಾರೆಂದು ಅವ್ವ ಭಾನುವಾರ ಆರಾಧನೆ ಮುಗಿಯುವ ತನಕ ಒಲೆ ಹಚ್ಚುತ್ತಿರಲಿಲ್ಲ. ಹಿಂದಿನ ದಿನದ ಕಟಕ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಕೊಡುತ್ತಿದ್ದಳು. ಊರಿನ ಎಲ್ಲ ಮಕ್ಕಳಿಗೆ ಭಾನುವಾರ ಎಂದರೆ ಬಿಸಿ ಊಟ, ನಮಗೆ ತಂಗಳು. ಆಗ ಅದಕ್ಕೆ ನನಗೆ ಬಹಳ ಸಿಟ್ಟಿತ್ತು.

ಜನ ಹೆಚ್ಚಿದರು. ಸೊರಟೂರಿನಿಂದ ಎರಡು ಮನೆಯವರು ಬರತೊಡಗಿದರು, ಅಡರಕಟ್ಟಿಯಿಂದ ಒಂದು ಕುಟುಂಬ ಚಕ್ಕಡಿ ಕಟ್ಟಿಕೊಂಡು ಬಂತು. ಅಂಗಳದಲ್ಲಿ ನಿಂತು ಕೇಳುವವರು ಆದರು. ಆ ವರ್ಷದ ಸುಗ್ಗಿ ಹಬ್ಬದ ದಿನ ಆದದ್ದನ್ನು ಹೇಳಬೇಕು. ಸುಗ್ಗಿ ಹಬ್ಬಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯದೇ ಏನಾದರೂ ತಂದು ದೇವರ ಮುಂದೆ ಇಡಬೇಕು, ಆಮೇಲೆ ಅದನ್ನು ಸವಾಲಿಗೆ ಹಾಕಿ ಮಾರಬೇಕು, ಅದು ನಮ್ಮಲ್ಲಿ ಪದ್ಧತಿ. ಹೊಲ ಇದ್ದವರು ಜೋಳ ತಂದರು, ಕುಂಬಳಕಾಯಿ ತಂದರು, ಒಬ್ಬಾಕೆ ಕಾಲು ಕಟ್ಟಿದ ಹುಂಜ ತಂದು ಇಟ್ಟಳು. ನೇಕಾರನಿಗೆ ಹೊಲ ಎಲ್ಲಿಂದ ಬರಬೇಕು? ಮಗ್ಗದ ಮೇಲಿದ್ದ ಸೀರೆ ಸಾಹುಕಾರನದು. ಅಪ್ಪ ಸುಮ್ಮನೆ ಎದ್ದು ನಿಂತ. ಪರದೆಯ ಕಡೆಗೆ ಕೈ ತೋರಿಸಿ, ನಮ್ಮ ಅಡುಗೆಮನೆಯನ್ನೂ ಪಡಸಾಲೆಯನ್ನೂ ಸಭೆಗೆ ಕೊಟ್ಟಿದ್ದೇನೆ ಎಂದುಬಿಟ್ಟ.

ಅವ್ವನಿಗೆ ಅದು ಗೊತ್ತಾದದ್ದು ಎಲ್ಲರಿಗೂ ಗೊತ್ತಾದ ಹೊತ್ತಿಗೇ. ಎಲ್ಲರೂ ಸ್ತೋತ್ರ ಸ್ತೋತ್ರ ಎನ್ನುತ್ತಿದ್ದರೆ ಅವಳು ತಲೆಯ ಮೇಲಿನ ಸೆರಗು ಎಳೆದುಕೊಂಡು ಕೂತಿದ್ದಳು. ಜನ ಹೋದ ಮೇಲೆ ಶುರುವಾಯಿತು.

“ನನ್ನ ಒಲಿ ಎಲ್ಲಿಡ್ಲಿ? ನಿಮ್ಮ ತಲಿ ಮ್ಯಾಲ ಇಡ್ಲೇನ್ರಿ?” ಎಂದಳು.

ಅಪ್ಪ ಹಿತ್ತಲಿಗೆ ಹೋಗಿ ಒಲೆಗೆ ಜಾಗ ಹುಡುಕತೊಡಗಿದ. ಅವ್ವ ಒಂದು ವಾರ ಅವನ ಜೊತೆ ಮಾತು ಬಿಟ್ಟಳು. ಆದರೆ ಗೋಡೆ ಕಟ್ಟುವಾಗ ಎಲ್ಲರಿಗಿಂತ ಮೊದಲು ಮಣ್ಣಿನ ಬುಟ್ಟಿ ಹೊತ್ತವಳು ಅವಳೇ. ಮಾತು ಬಿಟ್ಟರೂ ಬುಟ್ಟಿ ಬಿಡಲಿಲ್ಲ.

ನಮ್ಮವರು ಚರ್ಚು ಬೆಳೆಸುವ ರೀತಿಯೇ ಬೇರೆ. ಒಂದು ಭಾನುವಾರವೂ ಆರಾಧನೆ ನಿಲ್ಲಬಾರದು ಎಂಬ ಹಟ. ಅದಕ್ಕೆ ಹಳೆಯದನ್ನು ಮೊದಲು ಕೆಡವುತ್ತಿರಲಿಲ್ಲ. ಹಳೆಯ ಗೋಡೆ ಒಳಗೇ ಇರುವಂತೆ ಸುತ್ತಲೂ ಹೊಸ ಗೋಡೆ ಎಬ್ಬಿಸುವುದು, ಅದಕ್ಕೆ ಮೇಲೆ ತಗಡು ಹೊದಿಸಿದ ಮೇಲೆ ಒಳಗಿನದನ್ನು ಕೆಡವಿ ಮಣ್ಣು ಹೊರಗೆ ಸಾಗಿಸುವುದು. ತಗಡಿನಿಂದ ಸ್ಲ್ಯಾಬಿಗೆ ಹೋದಾಗಲೂ ಹಾಗೆಯೇ ಮಾಡಿದರು. ಕೇಳಲು ಚೆನ್ನಾಗಿದೆ. ಹೊಸ ಗೋಡೆ ಪ್ರತಿಸಲವೂ ಹೊರಗೇ ಬರಬೇಕಲ್ಲ, ಹೊರಗೆ ಇದ್ದದ್ದು ನಮ್ಮ ಮನೆ. ಪಡಸಾಲೆ ಹೋಯಿತು, ಅಡುಗೆಮನೆ ಹೋಯಿತು, ನಡುಮನೆ ಹೋಯಿತು. ಕೊನೆಗೆ ನಮಗೆ ಉಳಿದದ್ದು ಹಿಂದಿನ ಎರಡು ಖೋಲಿ, ಒಂದು ಹಿತ್ತಲು. ಮಗ್ಗ ಒಂದು ಖೋಲಿಗೆ ಬಂತು, ನಾವು ಇನ್ನೊಂದಕ್ಕೆ. ಹಾಗೆಂದು ಯಾರೂ ನಮ್ಮಿಂದ ಕಸಿದುಕೊಳ್ಳಲಿಲ್ಲ, ಸುಳ್ಳು ಹೇಳಬಾರದು. ಕೇಳಿದರು, ಅಪ್ಪ ಕೊಟ್ಟ. ಕೇಳುವಾಗ ಎಲ್ಲರ ಕಣ್ಣಲ್ಲೂ ನೀರಿರುತ್ತಿತ್ತು.

ಇಷ್ಟು ಬೆಳೆದರೂ ಪಾಸ್ಟರ್ ನಿಲ್ಲುವ ಜಾಗ ಮಾತ್ರ ಬದಲಾಗಲಿಲ್ಲ. ಮಗ್ಗದ ಕುಣಿ ಇದ್ದ ಕಡೆಯೇ ಬಲಿಪೀಠ ಬಂತು. ಅಪ್ಪ ತೀರಿಕೊಂಡಾಗ ಸ್ಲ್ಯಾಬಿನ ಚರ್ಚು ಇನ್ನೂ ಹೊಸದು. ಪೆಟ್ಟಿಗೆಯನ್ನು ಒಳಗೆ ತಂದು ಬಲಿಪೀಠದ ಮುಂದೆ ಇಟ್ಟರು. ವರ್ಷಗಟ್ಟಲೆ ಕಾಲು ಇಳಿಬಿಟ್ಟು ಕೂತಿದ್ದ ಜಾಗದ ಮೇಲೆ ಅಪ್ಪ ಕಾಲು ಚಾಚಿ ಮಲಗಿದ್ದ. ಹಾಡಾಯಿತು, ಪ್ರಾರ್ಥನೆಯಾಯಿತು, ಎಲ್ಲರೂ ಸಾಲಾಗಿ ಬಂದು ಮುಖ ನೋಡಿದರು. ಅವ್ವ ಅಳಲಿಲ್ಲ. ಪೆಟ್ಟಿಗೆ ಎತ್ತುವ ಮುಂಚೆ ಪಾಸ್ಟರ್ ಕಡೆ ತಿರುಗಿ ಹೇಳಿದಳು.

“ನನ್ನೂ ಇಲ್ಲೇ ತಂದು ಇಡ್ರಿ. ಮತ್ತೇನೂ ಕೇಳೂದಿಲ್ಲ.”

ಅದೊಂದೇ ಅವಳ ಆಸೆ. ಅವಳಿಗೆ ಬೇರೆ ಆಸೆ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಚಿನ್ನ ಕಂಡವಳಲ್ಲ, ಯಾತ್ರೆ ಹೋದವಳಲ್ಲ, ಒಂದು ಹೊಸ ಸೀರೆ ಉಡಿಸಲು ನಾನು ಜಗಳ ಮಾಡಬೇಕಿತ್ತು. ಆದರೆ ಈ ಮಾತನ್ನು ಹೊಸ ಪಾಸ್ಟರ್ ಬಂದಾಗಲೆಲ್ಲ ಅವರನ್ನು ಮನೆಗೆ ಕರೆದು, ಚಹಾ ಕೊಟ್ಟು, ಜ್ಞಾಪಿಸುತ್ತಿದ್ದಳು.

ನಂತರ ಬಂದದ್ದು ಎರಡಂತಸ್ತಿನ ಕಾಲ. ಆಗ ಕಟ್ಟಡ ಸಮಿತಿ ಎಂದು ಒಂದಾಯಿತು. ಸ್ಮರಣ ಸಂಚಿಕೆಗೆಂದು ಬಂದಿದ್ದವನೇ ಅದರ ಸೆಕ್ರೆಟರಿ, ನಮ್ಮ ಓಣಿಯಲ್ಲೇ ಬೆಳೆದವನು, ಅವ್ವನಿಗೆ ದೊಡ್ಡವ್ವ ಎನ್ನುವವನು. ಈಗ ಅವನಿಗೆ ಬಹುವಚನ ಹಚ್ಚಬೇಕು, ಹಚ್ಚುತ್ತೇನೆ. ಅವರು ಹೇಳಿದ್ದೇನೆಂದರೆ, ಕೆಳಗೆ ಮದುವೆಯ ಹಾಲ್ ಮಾಡಿ ಬಾಡಿಗೆಗೆ ಬಿಡೋಣ, ಮೇಲೆ ಚರ್ಚು ಮಾಡೋಣ, ಆಗ ಸಭೆ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಎಲ್ಲರಿಗೂ ಸರಿ ಎನಿಸಿತು. ನನಗೂ ಅನಿಸಿತು. ನಕ್ಷೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಆರಾಧನೆ ಮುಗಿದ ಮೇಲೆ ಜನ ಅದರ ಮುಂದೆ ಗುಂಪುಗೂಡಿ ಶಿಲುಬೆ ಎಷ್ಟೆತ್ತರ, ಫ್ಯಾನ್ ಎಲ್ಲಿ, ದಾನಿಗಳ ಹೆಸರಿನ ಕಲ್ಲು ಎಲ್ಲಿ ಎಂದು ಬೆರಳಿಟ್ಟು ನೋಡುತ್ತಿದ್ದರು. ಮೆಟ್ಟಿಲ ಬಗ್ಗೆಯಂತೂ ಭಾರೀ ಚರ್ಚೆ. ಮದುಮಕ್ಕಳು ಜೋಡಿಯಾಗಿ ಏರುವಾಗ ವಿಡಿಯೋದವನು ಮುಂದೆ ಹಿಮ್ಮುಖವಾಗಿ ನಡೆಯಬೇಕಲ್ಲ, ಅವನು ಬೀಳಬಾರದು, ಅದಕ್ಕೆ ನಡುವೆ ಒಂದು ತಿರುವು ಬೇಕು ಎಂದರು. ತಿರುವಿನಲ್ಲಿ ಬಣ್ಣದ ಗಾಜಿನ ಕಿಟಕಿ ಬಂದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದರು. ಎಲ್ಲವನ್ನೂ ಯೋಚಿಸಿದರು. ಈ ಸಭೆಯಲ್ಲಿ ಯಾರಾದರೂ ಸಾಯುತ್ತಾರೆ ಎಂಬುದು ಮಾತ್ರ ಒಬ್ಬರ ತಲೆಗೂ ಹೊಳೆಯಲಿಲ್ಲ.

ಹೊಸ ಚರ್ಚಿನ ಪ್ರತಿಷ್ಠೆ ಆಗಿ ಇನ್ನೂ ತೋರಣ ಒಣಗಿರಲಿಲ್ಲ, ಗಂಟೆ ಬಾರಿಸುತ್ತಿದ್ದ ಮುದುಕ ತೀರಿಕೊಂಡ. ಪೆಟ್ಟಿಗೆ ಹೊತ್ತವರು ಮೊದಲ ಮೆಟ್ಟಿಲುಗಳನ್ನು ಚೆನ್ನಾಗಿಯೇ ಏರಿದರು. ತಿರುವಿನಲ್ಲಿ ಬಂದು ನಿಂತುಬಿಟ್ಟರು. ಪೆಟ್ಟಿಗೆ ತಿರುಗಲಿಲ್ಲ. ಈ ಕಡೆ ತಳ್ಳಿದರೆ ಗೋಡೆಗೆ ತಾಗುತ್ತದೆ, ಆ ಕಡೆ ತಳ್ಳಿದರೆ ಮೆಟ್ಟಿಲ ಬದಿಯ ಕಟಾಂಜನಕ್ಕೆ ಬಡಿಯುತ್ತದೆ. ಸ್ವಲ್ಪ ವಾಲಿಸಿ ನೋಡಿ ಎಂದು ಸೆಕ್ರೆಟರಿ ಕೆಳಗಿನಿಂದ ಹೇಳಿದರು. ವಾಲಿಸಿದರು. ಒಳಗೆ ಮುದುಕ ಒಂದು ಬದಿಗೆ ಜಾರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವನ ಮಗಳು ಚಿಟ್ಟನೆ ಚೀರಿದಳು. ಬಣ್ಣದ ಗಾಜಿನಿಂದ ಕೆಂಪು ಹಳದಿ ಬೆಳಕು ಬಿದ್ದು ಹೊತ್ತವರ ಬೆವರಿದ ಮುಖ ಚೆನ್ನಾಗಿ ಕಾಣುತ್ತಿತ್ತು, ಕಿಟಕಿಯ ಬಗ್ಗೆ ಅವರು ಹೇಳಿದ್ದು ನಿಜವೇ. ಕೊನೆಗೆ ಕೆಳಗಿಳಿಸಿ ಮದುವೆಯ ಹಾಲಿನಲ್ಲಿ ಇಟ್ಟರು. ಹಿಂದಿನ ದಿನ ಯಾರದೋ ನಿಶ್ಚಿತಾರ್ಥ ಆಗಿತ್ತು, ವೇದಿಕೆಯ ಮೇಲಿನ ಥರ್ಮಾಕೋಲ್ ಅಕ್ಷರಗಳನ್ನು ತೆಗೆದಿರಲಿಲ್ಲ. ಅದರ ಕೆಳಗೆ ಗಂಟೆಯವನ ಪ್ರಾರ್ಥನೆ ಆಯಿತು.

ಅವ್ವ ಇದನ್ನೆಲ್ಲ ಕೆಳಗೆ ನಿಂತು ನೋಡಿದಳು. ಮನೆಗೆ ಬಂದವಳು ಊಟ ಬೇಡ ಎಂದಳು. ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು, “ನನ್ನ ಹ್ಯಾಂಗ ಒಯ್ತೀರಿ?”

ಮರುದಿನವೇ ಸಮಿತಿಗೆ ಹೋಗಿ ಕೂಗಾಡಿದೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು, ನಿಮ್ಮ ಸಿಟ್ಟು ಸರಿಯಾಗಿದೆ ಎಂದರು. ಲಿಫ್ಟಿಗೆ ಬಿಟ್ಟ ಜಾಗವನ್ನು ತೋರಿಸಿದರು. ಅದರಲ್ಲಿ ನಾಲ್ಕು ಜನ ನಿಲ್ಲಬಹುದು, ಒಬ್ಬರೂ ಮಲಗುವಂತಿಲ್ಲ. ಅದನ್ನೂ ಹೇಳಿದೆ. ಆಗ ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು, ಹಿಂದೆ ಜಾಗ ಇದ್ದಿದ್ದರೆ ಹೊರಗಿನಿಂದ ಒಂದು ನೆಟ್ಟನೆಯ ಇಳಿಜಾರು ಹಾಕಬಹುದಿತ್ತು ಎಂದರು. ಹಿಂದೆ ಅಂದರೆ ನಮ್ಮ ಹಿತ್ತಲು.

ನಾನು ಎದ್ದು ಬಂದೆ. ಅವ್ವನಿಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ಮಾತು ಹೇಗೋ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಬೇಡವ್ವ, ಇದೊಂದು ಉಳಿದಿದೆ, ಇಷ್ಟು ಕೊಟ್ಟದ್ದು ಸಾಲದೇ ಎಂದು ಗೋಗರೆದೆ. ಅವಳಿಗೆ ಹಿತ್ತಲಿನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಒಲೆ ಅಲ್ಲೇ ಇತ್ತು, ನುಗ್ಗೆ ಮರ ಇತ್ತು, ಬಟ್ಟೆ ಒಗೆಯುವ ಕಲ್ಲಿತ್ತು. ಆದರೆ ಅವಳ ಲೆಕ್ಕ ಬೇರೆ. ಇಳಿಜಾರು ಆದರೆ ಅವಳ ಪೆಟ್ಟಿಗೆ ಮೇಲೆ ಹೋಗುತ್ತದೆ. ಮುಂದಿನ ಸುಗ್ಗಿ ಹಬ್ಬಕ್ಕೆ, ಮೊಣಕಾಲು ನೋವಿದ್ದ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತೊಯ್ದರು. ಅಪ್ಪ ನಿಂತ ಹಾಗೆಯೇ ಎದ್ದು ನಿಂತು, ಹಿತ್ತಲನ್ನು ಇಳಿಜಾರಿಗೆಂದು ಕೊಟ್ಟಿದ್ದೇನೆ ಎಂದಳು. ಎಲ್ಲರೂ ಸ್ತೋತ್ರ ಎಂದರು. ಈ ಸಲ ಸೆರಗು ಎಳೆದುಕೊಂಡು ಕೂತವಳು ನಾನು.

ಇಳಿಜಾರು ಬರಲಿಲ್ಲ. ಮೊದಲು ನುಗ್ಗೆ ಮರ ಕಡಿದರು, ಆಮೇಲೆ ಪಾಯ ತೆಗೆದರು. ಪಾಯ ನೋಡಿಯೇ ನನಗೆ ಸಂಶಯ ಬಂತು, ಇಳಿಜಾರಿಗೆ ನಾಲ್ಕು ಗೋಡೆ ಯಾಕೆ? ಅದು ಮದುವೆ ಹಾಲಿನ ಅಡುಗೆಮನೆಯಂತೆ. ಅಡುಗೆಮನೆ ಇಲ್ಲದೆ ಹಾಲ್ ಯಾರೂ ಹಿಡಿಯುತ್ತಿಲ್ಲವಂತೆ, ಬಾಡಿಗೆ ಬಂದ ಮೇಲೆ ಅದೇ ದುಡ್ಡಿನಲ್ಲಿ ಇಳಿಜಾರು ಮಾಡುತ್ತಾರಂತೆ. ಅವ್ವನ ಮೂಗಿಗೆ ತುಪ್ಪ ಸವರಿದರು ಎಂದು ನಾನು ಪಾಸ್ಟರ್ ಮುಂದೆಯೇ ಅಂದೆ. ಪಾಸ್ಟರ್ ಒಳ್ಳೆಯವರು, ವಯಸ್ಸಿನಲ್ಲಿ ಚಿಕ್ಕವರು, ಇನ್ನೆರಡು ವರ್ಷಕ್ಕೆ ವರ್ಗವಾಗಿ ಹೋಗುವವರು. ಪ್ರಾರ್ಥನೆ ಮಾಡೋಣ ಎಂದರು. ಮಾಡಿದರು ಕೂಡ. ನಾನು ಕಣ್ಣು ಮುಚ್ಚಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮದುವೆಯ ಮನೆಯ ವಾಸನೆ. ದಿನ ಬಿಟ್ಟು ದಿನ ಗೋಡೆಯಾಚೆ ದೊಡ್ಡ ಒಲೆಗಳು ಭುಸುಗುಟ್ಟುತ್ತಿದ್ದವು. ಅವ್ವನಿಗೆ ಮೊಣಕಾಲು ಪೂರ್ತಿ ಹೋಯಿತು. ಅವಳಂಥ ಮುದುಕಿಯರಿಗೆಂದು ಕೆಳಗಿನ ಹಾಲಿನಲ್ಲಿ ಒಂದು ಟೀವಿ ಹಚ್ಚಿದರು, ಮೇಲಿನ ಆರಾಧನೆ ಅದರಲ್ಲಿ ಕಾಣುತ್ತಿತ್ತು. ಮೇಲಿನವರು ಎದ್ದರೆ ಇವರು ಎದ್ದೇಳುವುದು, ಮೇಲಿನವರು ಕೂತರೆ ಇವರು ಕೂರುವುದು. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಎಲ್ಲರಿಗೂ ಹಂಚಿದ ಮೇಲೆ ಕೆಳಗೆ ತಂದು ಕೊಡುತ್ತಿದ್ದರು. ಹೇಗಿತ್ತವ್ವ ಆರಾಧನೆ ಎಂದು ನಾನು ಕುಟುಕಿದರೆ, ದೇವರು ಮೇಲಿದ್ದಾನೆ, ನಾವು ಕೆಳಗಿದ್ದೇವೆ, ನಡುವೆ ಟೀವಿ ಇದೆ ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಹೀಗೆ ಒಂದು ಭಾನುವಾರ ಟೀವಿ ಮುಂದೆ ಕೂತವಳು ಮನೆಗೆ ಬಂದು, ನನ್ನ ಚಿಂತೆ ಹರಿಯಿತು ಎಂದಳು. ಅವಳು ಹಾಲಿನ ಕಂಬಗಳನ್ನು, ನಮ್ಮ ಖೋಲಿಯ ಗೋಡೆಯನ್ನು ಕಣ್ಣಲ್ಲೇ ಅಳೆದು, ಅಪ್ಪನ ಮಗ್ಗದ ಕುಣಿ ಎಲ್ಲಿತ್ತೆಂದು ಪತ್ತೆ ಹಚ್ಚಿದ್ದಳು. ಟೀವಿಯಿಂದ ಸ್ವಲ್ಪ ಈಚೆಗೆ, ಮದುವೆಯಲ್ಲಿ ಐಸ್‌ಕ್ರೀಮ್ ಕೊಡುವ ಮೇಜು ಇಡುತ್ತಾರಲ್ಲ, ಅಲ್ಲಿ.

“ಮ್ಯಾಲ ಹೋದದ್ದು ಬರೇ ಚರ್ಚು. ಜಾಗಾ ಇಲ್ಲೇ ಕೆಳಗ ಐತಿ. ನನ್ನ ಇಲ್ಲೇ ಇಡ್ರಿ, ಮ್ಯಾಲ ಒಯ್ಯೂದು ಬ್ಯಾಡ.”

ಎಷ್ಟೋ ದಿನದ ಮೇಲೆ ಅವಳ ಮುಖ ಹಗುರಾದದ್ದು ಕಂಡೆ. ನನಗೂ ಭಾರ ಇಳಿದಂತಾಯಿತು. ಸೆಕ್ರೆಟರಿಯನ್ನು ಕರೆಸಿ ಅವಳೇ ಹೇಳಿದಳು. ಅವರು ಅವಳ ಎರಡೂ ಕೈ ಹಿಡಿದುಕೊಂಡು, ಅದು ನಿಮ್ಮದೇ ಹಾಲ್ ದೊಡ್ಡವ್ವ, ಯಾರನ್ನು ಕೇಳಬೇಕು ಎಂದರು. ಆಗ ಅವರ ಕಣ್ಣಲ್ಲಿಯೂ ನೀರಿತ್ತು. ನಾನು ನಂಬಿದೆ.

ಅವ್ವ ಹೋದದ್ದು ಬೇಸಿಗೆಯಲ್ಲಿ, ಮದುವೆಗಳ ಹಂಗಾಮಿನಲ್ಲಿ. ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವಳು ಹಾಗೆಯೇ ಹೋದಳು. ನಾನು ಮೊದಲು ಮಾಡಿದ ಕೆಲಸ ಸೆಕ್ರೆಟರಿಗೆ ಫೋನ್ ಹಚ್ಚಿದ್ದು. ಇವತ್ತೇ ಏನು ಎಂದು ಅವರು ಎರಡು ಸಲ ಕೇಳಿದರು. ಆಗಲೇ ನನಗೆ ಗೊತ್ತಾಯಿತು. ಹಾಲ್ ಬುಕ್ ಆಗಿತ್ತು. ಲಕ್ಷ್ಮೇಶ್ವರದ ಕಡೆಯವರ ಮದುವೆ, ನಮ್ಮ ಸಭೆಯವರಲ್ಲ, ಎಂದೋ ಬಾಡಿಗೆಗೆ ಹಿಡಿದವರು. ಬೆಳಗಿನಿಂದ ರಾತ್ರಿವರೆಗೂ ಹಾಲ್ ಅವರದು. ನಾಳೆಯ ತನಕ ಇಟ್ಟುಕೊಳ್ಳೋಣ ಎಂದರೆ ಅಂದಿನ ಬಿಸಿಲಿಗೆ ಅದೂ ಆಗುವಂತಿರಲಿಲ್ಲ. ಸಾವಿನ ಗಂಟೆಯನ್ನೂ ಬಾರಿಸಲಿಲ್ಲ. ಮದುವೆ ಮನೆಯಲ್ಲಿ ಅಪಶಕುನ ಆಗುತ್ತದೆ, ಅವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದರು.

ಮನೆಯಲ್ಲಿ ಜನ ನಿಲ್ಲಲು ಜಾಗವಿರಲಿಲ್ಲ, ಇದ್ದ ಹಿತ್ತಲಲ್ಲಿ ಹಾಲಿನ ಅಡುಗೆಮನೆ ಕೂತಿತ್ತು. ಮೇಲೆ ಹೋಗಲು ದಾರಿಯಿರಲಿಲ್ಲ, ಕೆಳಗೆ ಬೇರೆಯವರ ಅಕ್ಷತೆ. ಆದ್ದರಿಂದ ಅವ್ವನ ಪೆಟ್ಟಿಗೆಯನ್ನು ರಸ್ತೆಯಲ್ಲಿ ಇಟ್ಟರು. ಎರಡು ಬೆಂಚು ಜೋಡಿಸಿ, ಚರ್ಚಿನ ಕಂಪೌಂಡಿನ ಹೊರಗೆ, ನಿಲ್ಲಿಸಿದ ಕಾರುಗಳ ನಡುವೆ. ಒಬ್ಬರು ಬಿಸಿಲಿಗೆ ಕೊಡೆ ಹಿಡಿದರು. ಪಾಸ್ಟರ್ ಪುಸ್ತಕ ತೆರೆದರು, ಬ್ಯಾಂಡಿನ ಗದ್ದಲಕ್ಕೆ ಅವರ ಒಂದು ಮಾತೂ ಕೇಳಿಸಲಿಲ್ಲ. ಆಗ ಹಾಲಿನೊಳಗಿಂದ ಜರಿ ಸೀರೆ ಉಟ್ಟ ಹೆಂಗಸೊಬ್ಬಳು ಹೊರಬಂದು ಏನಾಗಿದೆ ಎಂದು ನೋಡಿದಳು. ಮದುಮಗಳ ತಾಯಿ ಇರಬೇಕು. ಪೆಟ್ಟಿಗೆ ಕಂಡ ಕೂಡಲೇ ಬ್ಯಾಂಡಿನವರಿಗೆ ಕೈ ಮಾಡಿ ನಿಲ್ಲಿಸಿದಳು. ತಲೆಯ ಮೇಲೆ ಸೆರಗು ಹಾಕಿಕೊಂಡು, ಕೈ ಮುಗಿದು, ಹಾಡು ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ಯಾರೂ ಕೇಳಿಕೊಂಡಿರಲಿಲ್ಲ. ನಾನು ಅಂದು ಅತ್ತದ್ದು ಅವಳನ್ನು ನೋಡಿ, ನಮ್ಮವರನ್ನು ನೋಡಿ ಅಲ್ಲ.

ಕೊನೆಯ ಪ್ರಾರ್ಥನೆ ನಡೆಯುತ್ತಿದ್ದಾಗ ಸೆಕ್ರೆಟರಿ ನನ್ನ ಹಿಂದೆ ಬಂದು ನಿಂತರು. ಅವರ ಕಣ್ಣು ರಸ್ತೆಯ ತುದಿಯ ಮೇಲಿತ್ತು. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು.

“ಅಕ್ಕಾರ, ಜರಾ ಜಲ್ದಿ ಮಾಡೂಣ್ರಿ. ವರನ ಗಾಡಿ ಬರಾಕತ್ತಾವು, ದಾರಿ ಕಟ್ಟೈತಿ.”

ಪಾಸ್ಟರ್ ಪ್ರಾರ್ಥನೆ ನಿಲ್ಲಿಸಿದರು. ಎಲ್ಲರಿಗೂ ಕೇಳುವ ಹಾಗೆ ನಾನು ಅಂದೆ:

“ಪಡಸಾಲಿ ಬಿಡು ಅಂದ್ರಿ, ಬಿಟ್ಲು. ಒಲಿ ಬಿಡು ಅಂದ್ರಿ, ಬಿಟ್ಲು. ಹಿತ್ತಲಾ ಬಿಡು ಅಂದ್ರಿ, ಬಿಟ್ಲು. ರಸ್ತಾನೂ ಬಿಡ್ತಾಳ, ತಡೀರಿ.”

ಸೆಕ್ರೆಟರಿ ಪಕ್ಕಕ್ಕೆ ಸರಿದರು. ಪೆಟ್ಟಿಗೆ ಎತ್ತಿ ಎಂದು ನಾನೇ ಹೇಳಿದೆ. ಎತ್ತಿದರು. ನಾವು ನಾಲ್ಕು ಹೆಜ್ಜೆ ಹೋಗಿರಲಿಲ್ಲ, ವರನ ಕಾರು ಬಂದು ಅವ್ವನಿದ್ದ ಜಾಗದಲ್ಲಿ ನಿಂತಿತು.